ದುಃಖಿಸಬೇಡ ಎನ್ನುವ ಒಂದು ಧ್ವನಿ
(ವಿದ್ಯಾರ್ಥಿನಿಯರು ಮತ್ತು ಹೆತ್ತವರ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



'ಕಷ್ಟಗಳ ನಡುವೆ ತನ್ನನ್ನು ತಾನು ಕಂಡುಕೊಂಡ ಯುವತಿ: ಸಾಹಿತ್ಯ ಏನು ಹೇಳುತ್ತದೆ?' ಎಂಬ ವಿಷಯವನ್ನು ನನಗೆ ನೀಡಲಾಗಿದೆ. ವಿಷಯವನ್ನು ಕೇಳಿದೊಡನೆ ಕೆಲವು ಹೆತ್ತವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ಕಥೆ, ಕಾದಂಬರಿಗಳಿಂದ ನಮ್ಮ ಹೆಣ್ಣುಮಕ್ಕಳಿಗೆ ಏನು ಪ್ರಯೋಜನ? ಪಠ್ಯಪುಸ್ತಕ ಓದಲಿ, ಕುರ್‌ಆನ್ ಪಾರಾಯಣ ಮಾಡಲಿ, ಮನೆಗೆಲಸ ಕಲಿಯಲಿ. ಕಾದಂಬರಿ ಓದಿ ಮನಸ್ಸು ಕೆಡಿಸಿಕೊಳ್ಳುವುದೇಕೆ? ನಮ್ಮ ಅನೇಕ ಮನೆಗಳಲ್ಲಿ ಈ ಮಾತು ಇಂದಿಗೂ ಕೇಳಿಬರುತ್ತದೆ. ಮದ್ರಸಾದಲ್ಲೂ ಕಾಲೇಜಿನಲ್ಲೂ ಕಲಿತ ನಾನು ಈ ಮಾತನ್ನು ಎರಡೂ ಕಡೆಗಳಿಂದ ಕೇಳಿದ್ದೇನೆ. ಮದ್ರಸಾದವರಿಗೆ ಕಾದಂಬರಿಯ ಕುರಿತು ಸಂಶಯ, ಕಾಲೇಜಿನವರಿಗೆ ಮದ್ರಸಾದ ಹುಡುಗಿಯರ ಕುರಿತು ಸಂಶಯ. ಈ ಎರಡು ಸಂಶಯಗಳ ನಡುವೆ ನಿಂತಿರುವವಳು ನಮ್ಮ ಮನೆಯ ಮಗಳು. ಆದ್ದರಿಂದ ಈ ಪ್ರಶ್ನೆಗೆ ಮೊದಲು ಉತ್ತರ ಹುಡುಕೋಣ.

ಕಥೆಯ ಶಕ್ತಿಯನ್ನು ನಮಗೆ ಮೊದಲು ಪರಿಚಯಿಸಿದ್ದು ಪವಿತ್ರ ಕುರ್‌ಆನ್. ಯೂಸುಫ್(ಅ)ರ ವೃತ್ತಾಂತವನ್ನು ಅದು ಕಥೆಗಳಲ್ಲೇ ಅತ್ಯುತ್ತಮವಾದುದೆಂದು ಬಣ್ಣಿಸುತ್ತದೆ. ಅದೇ ಕುರ್‌ಆನ್‌ನಲ್ಲಿ ಓರ್ವ ಯುವತಿಯ ಹೆಸರಿನಲ್ಲಿ ಒಂದು ಇಡೀ ಅಧ್ಯಾಯವಿದೆ. ಮರ್ಯಮ್(ಅ) ತನ್ನ ಜನರಿಂದ ದೂರ ಹೋಗಿ ಏಕಾಂಗಿಯಾಗಿ ಪ್ರಸವ ವೇದನೆ ಅನುಭವಿಸುತ್ತಾರೆ. ಖರ್ಜೂರದ ಮರದ ಕಾಂಡದ ಬಳಿ, ಇದಕ್ಕಿಂತ ಮೊದಲೇ ತಾನು ಸತ್ತು ಜನರ ನೆನಪಿನಿಂದ ಅಳಿಸಿಹೋಗಿದ್ದರೆ ಚೆನ್ನಾಗಿತ್ತು ಎಂದು ಹಂಬಲಿಸುತ್ತಾರೆ. ಅಷ್ಟು ಪರಿಶುದ್ಧೆಯಾದ ಮಹಿಳೆಯ ಬಾಯಿಂದ ಬಂದ ಈ ಮಾತನ್ನು ಕುರ್‌ಆನ್ ಮುಚ್ಚಿಡುವುದಿಲ್ಲ. ಅದಕ್ಕಾಗಿ ಆಕೆಯನ್ನು ಗದರಿಸುವುದೂ ಇಲ್ಲ. ದುಃಖಿಸಬೇಡ ಎಂಬ ಧ್ವನಿಯೊಂದು ಕೆಳಗಿನಿಂದ ಕೇಳಿಬರುತ್ತದೆ. ಹರಿಯುವ ನೀರನ್ನು ತೋರಿಸಲಾಗುತ್ತದೆ, ಮರವನ್ನು ಅಲುಗಾಡಿಸಲು ಹೇಳಲಾಗುತ್ತದೆ. ಅನಂತರ ಆಕೆ ಅಡಗಿ ಕುಳಿತುಕೊಳ್ಳಲಿಲ್ಲ. ಮಗುವನ್ನು ಎತ್ತಿಕೊಂಡು ಅದೇ ಜನರ ಎದುರಿಗೆ ನಡೆದು ಬಂದರು.

ಸಹೋದರಿಯರೇ, ಈ ವೃತ್ತಾಂತದಲ್ಲಿ ಮೂರು ಸಂಗತಿಗಳಿವೆ. ಒಂದು, ನೋವಿನಲ್ಲಿರುವವಳಿಗೆ ಸಾಂತ್ವನದ ಧ್ವನಿ ಕೇಳಿಸಿತು. ಎರಡು, ಮರ ಅಲುಗಾಡಿಸುವ ಕೆಲಸವನ್ನು ಅವಳ ಕೈಗೇ ಬಿಡಲಾಯಿತು. ಮೂರು, ಅವಳು ಸಮಾಜದ ಎದುರಿಗೆ ತಲೆಯೆತ್ತಿ ಮರಳಿದಳು. ಇಂದು ನಾನು ಪ್ರಸ್ತಾಪಿಸಲಿರುವ ಎಲ್ಲ ಪುಸ್ತಕಗಳನ್ನೂ ಈ ಮೂರು ಸಂಗತಿಗಳ ಬೆಳಕಿನಲ್ಲಿ ನೋಡಬಹುದೆಂದು ನನಗನಿಸುತ್ತದೆ. ಕಷ್ಟ ಎಲ್ಲ ಕಥೆಗಳಲ್ಲೂ ಇದೆ. ಆದರೆ ಆ ಧ್ವನಿ ಎಲ್ಲಿ ಕೇಳಿಸಿತು, ಎಲ್ಲಿ ಕೇಳಿಸಲಿಲ್ಲ? ಇದುವೇ ಪ್ರಶ್ನೆ.

ಉರ್ದುವಿನ ಮೊದಲ ಕಾದಂಬರಿ ಎಂದು ಹಲವರು ಗುರುತಿಸುವ 'ಮಿರ್‌ಆತುಲ್ ಉರೂಸ್' 1869ರಲ್ಲಿ ಪ್ರಕಟವಾಯಿತು. ಬರೆದವರು ಡೆಪ್ಯುಟಿ ನಝೀರ್ ಅಹ್ಮದ್. ತನ್ನ ಹೆಣ್ಣುಮಕ್ಕಳಿಗೆ ಓದಲು ಕೊಡಬಹುದಾದ ಪುಸ್ತಕ ಸಿಗದಿದ್ದಾಗ ಅವರು ಸ್ವತಃ ಲೇಖನಿ ಹಿಡಿದರು. ಅಕ್ಬರಿ ಮತ್ತು ಅಸ್ಗರಿ ಎಂಬ ಇಬ್ಬರು ಸಹೋದರಿಯರ ಕಥೆ ಅದು. ಅಕ್ಬರಿ ಮುಂಗೋಪಿ, ಮನೆ ನಿರ್ವಹಣೆ ತಿಳಿಯದವಳು. ಅಸ್ಗರಿ ವಿದ್ಯಾವಂತೆ, ಜಾಣೆ, ಸಾಲದ ಸುಳಿಯಲ್ಲಿದ್ದ ಗಂಡನ ಮನೆಯನ್ನು ಮೇಲೆತ್ತಿದವಳು. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಬೇಕೆಂದು ವಾದಿಸಿದ್ದು ಸಣ್ಣ ಸಾಹಸವಲ್ಲ. ಆ ತಂದೆಯ ಪ್ರೀತಿಯನ್ನು ನಾವು ಗೌರವಿಸಬೇಕು. ಆದರೆ ಒಂದನ್ನು ಗಮನಿಸಿ. ಅಸ್ಗರಿ ತನಗಾಗಿ ಏನನ್ನು ಬಯಸುತ್ತಾಳೆ ಎಂಬುದನ್ನು ಆ ಕಾದಂಬರಿ ವಿಚಾರಿಸುವುದಿಲ್ಲ. ಅವಳು ಒಳ್ಳೆಯ ಮಗಳು, ಒಳ್ಳೆಯ ಸೊಸೆ, ಒಳ್ಳೆಯ ಪತ್ನಿ. ಅವಳು ತಂದೆಯ ಕನ್ನಡಿಯಲ್ಲಿ ಕಂಡ ಹೆಣ್ಣು. ಹೆಣ್ಣು ತನ್ನ ಕನ್ನಡಿಯನ್ನು ತಾನೇ ಹಿಡಿಯಲು ಇನ್ನೂ ಕೆಲವು ದಶಕಗಳು ಬೇಕಾದವು.

ಆ ಕನ್ನಡಿಯನ್ನು ಕೈಗೆತ್ತಿಕೊಂಡವರಲ್ಲಿ ಪ್ರಮುಖರು ಬಂಗಾಳದ ಬೇಗಂ ರುಕಿಯಾ ಸಖಾವತ್ ಹುಸೇನ್. 1880ರಲ್ಲಿ, ಈಗಿನ ಬಾಂಗ್ಲಾದೇಶದ ರಂಗ್‌ಪುರದ ಪಾಯ್‌ರಾಬಂದ್ ಗ್ರಾಮದ ಜಮೀನ್ದಾರಿ ಕುಟುಂಬದಲ್ಲಿ ಅವರು ಜನಿಸಿದರು. ಮನೆಯಲ್ಲಿ ಸಂಪತ್ತಿತ್ತು, ಆದರೆ ಹೆಣ್ಣುಮಕ್ಕಳಿಗೆ ಬಂಗಾಳಿ ಮತ್ತು ಇಂಗ್ಲಿಷ್ ಕಲಿಯುವ ಅವಕಾಶವಿರಲಿಲ್ಲ. ಅಕ್ಕ ಕರೀಮುನ್ನಿಸಾ ಬಂಗಾಳಿ ಕಲಿಯಲು ನೆರವಾದರು. ಮನೆಯವರೆಲ್ಲ ಮಲಗಿದ ಬಳಿಕ ಅಣ್ಣ ಇಬ್ರಾಹೀಮ್ ಸಾಬಿರ್ ದೀಪದ ಬೆಳಕಿನಲ್ಲಿ ತಂಗಿಗೆ ಇಂಗ್ಲಿಷ್ ಕಲಿಸಿದರು. ಇಲ್ಲಿರುವ ಅಣ್ಣಂದಿರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆ ಅಣ್ಣ ಇಲ್ಲದಿರುತ್ತಿದ್ದರೆ ಇಂದು ನಾವು ರುಕಿಯಾರ ಹೆಸರನ್ನು ಹೇಳುತ್ತಿದ್ದೆವೋ ಇಲ್ಲವೋ!

ರುಕಿಯಾರ ಬದುಕು ಸುಖದ ಹಾಸಿಗೆಯಾಗಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಹಸುಳೆಗಳಾಗಿದ್ದಾಗಲೇ ತೀರಿಕೊಂಡರು. 1909ರಲ್ಲಿ ಪತಿ ನಿಧನರಾದರು. ಆಗ ಅವರಿಗೆ ವಯಸ್ಸು ಮೂವತ್ತೂ ತುಂಬಿರಲಿಲ್ಲ. ಪತಿ ಶಿಕ್ಷಣಕ್ಕಾಗಿ ಬಿಟ್ಟುಹೋದ ಹಣದಿಂದ ಅದೇ ವರ್ಷ ಭಾಗಲ್ಪುರದಲ್ಲಿ ಒಂದು ಪುಟ್ಟ ಶಾಲೆ ತೆರೆದರು. ಅಲ್ಲಿ ನಿಲ್ಲಲು ಸಾಧ್ಯವಾಗದೆ ಕಲ್ಕತ್ತಕ್ಕೆ ಬಂದು, 1911ರ ಮಾರ್ಚ್ 16ರಂದು ಕೇವಲ ಎಂಟು ಮಂದಿ ವಿದ್ಯಾರ್ಥಿನಿಯರೊಂದಿಗೆ ಶಾಲೆಯನ್ನು ಪುನರಾರಂಭಿಸಿದರು. ಮಕ್ಕಳನ್ನು ಕರೆತರುವ ಬಸ್ಸನ್ನು ಎಲ್ಲ ಕಡೆಯಿಂದ ಮುಚ್ಚಿದಾಗ ಗಾಳಿ, ಬೆಳಕಿಲ್ಲದೆ ಮಕ್ಕಳು ಅಸ್ವಸ್ಥರಾದರು. ಕಿಟಕಿ ತೆರೆದು ಪರದೆ ಕಟ್ಟಿದಾಗ, ಗಾಳಿಗೆ ಪರದೆ ಹಾರುತ್ತದೆಂದು ಆಕ್ಷೇಪದ ಪತ್ರಗಳು ಬಂದವು. ಈ ಅನುಭವವನ್ನು ಅವರು 1931ರ 'ಅವರೋಧ ಬಾಸಿನಿ' ಕೃತಿಯಲ್ಲಿ ದಾಖಲಿಸಿದ್ದಾರೆ. ಅವರು ಶಾಲೆ ಮುಚ್ಚಲಿಲ್ಲ, ಧರ್ಮವನ್ನೂ ತೊರೆಯಲಿಲ್ಲ. 1932ರ ಡಿಸೆಂಬರ್ 9ರಂದು ಕೊನೆಯುಸಿರೆಳೆಯುವ ತನಕ ಶಾಲೆಯೂ ಬರವಣಿಗೆಯೂ ಜೊತೆಜೊತೆಯಾಗಿ ಸಾಗಿದವು.

1924ರಲ್ಲಿ ಪ್ರಕಟವಾದ ಅವರ 'ಪದ್ಮರಾಗ್' ಕಾದಂಬರಿಯ ನಾಯಕಿ ಸಿದ್ದೀಕಾ. ಆಸ್ತಿಯ ಲೋಭದಿಂದ ವರನ ಕಡೆಯವರು ಕೈಬಿಟ್ಟ ಹುಡುಗಿ. ದಿಕ್ಕಿಲ್ಲದೆ ಬಂದ ಅವಳಿಗೆ ತಾರಿಣಿ ಭವನ ಎಂಬ ಆಶ್ರಯಧಾಮ ನೆರಳಾಗುತ್ತದೆ. ಅಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ, ಬ್ರಾಹ್ಮೋ ಮಹಿಳೆಯರು ಒಟ್ಟಿಗಿದ್ದಾರೆ. ಶಾಲೆ ನಡೆಸುತ್ತಾರೆ, ರೋಗಿಗಳ ಸೇವೆ ಮಾಡುತ್ತಾರೆ, ಕೈಕಸುಬಿನಿಂದ ಗಳಿಸುತ್ತಾರೆ. ಕೈಬಿಟ್ಟವನು ಕೊನೆಗೆ ಪಶ್ಚಾತ್ತಾಪಪಟ್ಟು ಮುಂದೆ ಬಂದರೂ ಸಿದ್ದೀಕಾ ಅವನ ಸಂಸಾರಕ್ಕೆ ಮರಳುವುದಿಲ್ಲ. ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುತ್ತಾಳೆ. ಈ ಮುಕ್ತಾಯವನ್ನು ಒಪ್ಪುವುದು, ಬಿಡುವುದು ನಿಮಗೆ ಬಿಟ್ಟದ್ದು. ಮದುವೆ ಮಾತ್ರವೇ ಹೆಣ್ಣಿನ ಗುರುತಲ್ಲ ಎಂದು ಶತಮಾನದ ಹಿಂದೆಯೇ ಓರ್ವ ಮುಸ್ಲಿಮ್ ಮಹಿಳೆ ಬರೆದಿದ್ದರು ಎಂಬುದನ್ನಾದರೂ ನಾವು ತಿಳಿದಿರಬೇಕು.

ಈಗ ನಮ್ಮ ನೆಲಕ್ಕೆ ಬರೋಣ. ಕಾಸರಗೋಡಿನಲ್ಲಿ 1936ರಲ್ಲಿ ಜನಿಸಿ, 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ನಿಧನರಾದ ಸಾರಾ ಅಬೂಬಕ್ಕರ್ ಅವರ ಹೆಸರನ್ನು ಕೇಳದವರು ಇಲ್ಲಿ ವಿರಳ. ತನ್ನ ಊರಿನ ಮುಸ್ಲಿಮ್ ಸಮುದಾಯದಲ್ಲಿ ಶಾಲಾ ಶಿಕ್ಷಣ ಪೂರ್ಣಗೊಳಿಸಿದ ಮೊದಲ ಹೆಣ್ಣುಮಕ್ಕಳ ಸಾಲಿಗೆ ಸೇರಿದವರು. ಮನೆಮಾತು ಕನ್ನಡವಲ್ಲದಿದ್ದರೂ ಕನ್ನಡದಲ್ಲೇ ಬರೆದರು. 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯ ಮೂಲಕ ಓದುಗರಿಗೆ ತಲುಪಿದ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳನ್ನು ನೆನಪಿಸಿಕೊಳ್ಳಿ. ಗಂಡ ರಶೀದನೊಂದಿಗೆ ಅವಳಿಗೆ ವಿರಸವಿಲ್ಲ. ತಂದೆಯ ಹಠಕ್ಕೆ ಸಿಲುಕಿ ಸಂಸಾರ ಮುರಿಯುತ್ತದೆ. ಮತ್ತೆ ಒಂದಾಗಲು ಗಂಡ, ಹೆಂಡತಿ ಇಬ್ಬರೂ ಬಯಸಿದಾಗ, ಒಂದು ರಾತ್ರಿಯ ಮಟ್ಟಿಗೆ ಅವಳು ಮತ್ತೊಬ್ಬನ ಹೆಂಡತಿಯಾಗಬೇಕೆಂಬ ಷರತ್ತು ಎದುರಾಗುತ್ತದೆ. ಅದನ್ನು ಸಹಿಸಲಾರದೆ ನಾದಿರಾ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ.

ಮರ್ಯಮರ ವೃತ್ತಾಂತವನ್ನು ಈಗ ಮತ್ತೊಮ್ಮೆ ಸ್ಮರಿಸಿ. ಅಲ್ಲಿಯೂ ಸಾವನ್ನು ಬಯಸಿದ ಯುವತಿ, ಇಲ್ಲಿಯೂ ಸಾವನ್ನು ಬಯಸಿದ ಯುವತಿ. ಅಲ್ಲಿ ದುಃಖಿಸಬೇಡ ಎಂಬ ಧ್ವನಿ ಕೇಳಿಸಿತು. ನಾದಿರಾಳಿಗೆ ಅದು ಕೇಳಿಸಲಿಲ್ಲ. ಕೊಳ ಇದ್ದದ್ದು ಮಸೀದಿಯ ಅಂಗಳದಲ್ಲಿ. ಆದರೆ ಆ ಮಸೀದಿಯಿಂದ ಅವಳ ಪರವಾಗಿ ಒಂದು ಮಾತೂ ಹೊರಡಲಿಲ್ಲ. ಇದಕ್ಕಿಂತ ದೊಡ್ಡ ಆತ್ಮವಿಮರ್ಶೆಗೆ ಬೇರೆ ಪುಸ್ತಕ ಬೇಕೇ?

ಮದ್ರಸಾದಲ್ಲಿ ಕಲಿತವರೆಲ್ಲರಿಗೂ ತಿಳಿದಿರುವ ವಿಷಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕಾಗಿದೆ. ಅಂತಿಮ ತಲಾಕ್ ಆದ ಬಳಿಕ ಮಹಿಳೆಯು ಸ್ವಇಚ್ಛೆಯಿಂದ ಬೇರೊಬ್ಬನನ್ನು ವಿವಾಹವಾಗಿ, ಆ ದಾಂಪತ್ಯವೂ ಸಹಜವಾಗಿ ಕೊನೆಗೊಂಡಲ್ಲಿ ಮಾತ್ರ ಮೊದಲ ಪತಿಯೊಂದಿಗೆ ಮರುವಿವಾಹಕ್ಕೆ ಅವಕಾಶವಿದೆ. ತಲಾಕನ್ನು ಆಟಿಕೆಯಾಗಿಸದಂತೆ ಪುರುಷನಿಗೆ ಹಾಕಿದ ಕಡಿವಾಣ ಅದು. ಮೊದಲೇ ಮಾತಾಡಿಕೊಂಡು ಒಂದು ರಾತ್ರಿಗಾಗಿ ಮಾಡುವ ಮದುವೆಯನ್ನು, ಅದನ್ನು ಮಾಡುವವನನ್ನೂ ಮಾಡಿಸುವವನನ್ನೂ ಪ್ರವಾದಿ(ಸ) ಶಪಿಸಿದ್ದಾರೆಂದು ಹದೀಸ್ ಗ್ರಂಥಗಳಲ್ಲಿದೆ. ಹೀಗಿರುವಾಗ ಪುರುಷನಿಗೆ ಹಾಕಿದ ಕಡಿವಾಣವನ್ನು ಹೆಣ್ಣಿನ ಕೊರಳಿಗೆ ಬಿಗಿದವರು ಯಾರು? ಕಾದಂಬರಿ ಬರೆದವರೇ? ಕಾದಂಬರಿ ಓದಿದವರೇ? ಅಲ್ಲ. ಜ್ಞಾನವಿದ್ದೂ ಮೌನವಾಗಿದ್ದವರು.

"ಇಂಥ ಕಥೆಗಳನ್ನು ಬರೆದು ಸಮುದಾಯದ ಮಾನ ಕಳೆಯುತ್ತಾರೆ, ವಿರೋಧಿಗಳ ಕೈಗೆ ಅಸ್ತ್ರ ಕೊಡುತ್ತಾರೆ" ಎಂಬ ಆಕ್ಷೇಪವಿದೆ. ಈ ಆಕ್ಷೇಪವನ್ನು ನಾನು ಲಘುವಾಗಿ ಕಾಣುವುದಿಲ್ಲ. ನಮ್ಮ ಹೆಣ್ಣುಮಕ್ಕಳ ಕಣ್ಣೀರನ್ನು ರಾಜಕೀಯದ ಸರಕನ್ನಾಗಿ ಮಾಡಿಕೊಂಡವರು ಈ ದೇಶದಲ್ಲಿದ್ದಾರೆ. ಆದರೆ ಅಸ್ತ್ರ ಸಿಗುವುದು ಗಾಯ ಇರುವುದರಿಂದಲೇ ಹೊರತು, ಗಾಯವನ್ನು ತೋರಿಸಿದ್ದರಿಂದಲ್ಲ. ಒಂದೇ ಉಸಿರಿನ ಮೂರು ತಲಾಕನ್ನು ನಾವು ನಮ್ಮ ಜಮಾಅತ್‌ಗಳಲ್ಲಿ ಕುಳಿತು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಅದನ್ನು ಅಸಿಂಧುವೆಂದು ತೀರ್ಪಿತ್ತಿತು. 2019ರಲ್ಲಿ ಸಂಸತ್ತು ಅದನ್ನು ಮೂರು ವರ್ಷಗಳ ವರೆಗಿನ ಸೆರೆವಾಸಕ್ಕೆ ಅರ್ಹವಾದ ಅಪರಾಧವನ್ನಾಗಿ ಮಾಡಿತು. ಆ ಕಾನೂನಿನ ಉದ್ದೇಶದ ಬಗ್ಗೆ ನಮಗೆ ನೂರು ಪ್ರಶ್ನೆಗಳಿರಬಹುದು. ಆದರೆ ನಾದಿರಾಳ ಕಥೆ ಹೊರಬಂದ ಬಳಿಕ ನಮ್ಮ ಕೈಯಲ್ಲಿ ಮೂರು ದಶಕಗಳಿದ್ದವು ಎಂಬುದನ್ನು ಮರೆಯಬಾರದು. ಮನೆಯೊಳಗಿನ ಮಾತನ್ನು ಮನೆಯವರು ಕೇಳದಿದ್ದರೆ ಅದು ಬೀದಿಗೆ ಹೋಗುತ್ತದೆ, ಬೀದಿಯಿಂದ ಕೋರ್ಟಿಗೆ ಹೋಗುತ್ತದೆ.

ಇನ್ನೊಬ್ಬ ಲೇಖಕಿ ಹಾಸನದ ಬಾನು ಮುಷ್ತಾಕ್. ವಕೀಲೆ, ಪತ್ರಕರ್ತೆಯಾಗಿ ದುಡಿದವರು. ಉರ್ದು ಮನೆಮಾತಿನ ಹುಡುಗಿ ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿ, ಅದೇ ಕನ್ನಡದಲ್ಲಿ ಕಥೆ ಬರೆದು, 2025ರ ಮೇ ತಿಂಗಳಲ್ಲಿ ಲಂಡನ್‌ನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದರು. ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷ್‌ಗೆ ಅನುವಾದಿಸಿದ್ದು, ಆ ಸಂಕಲನಕ್ಕೆ ಈ ಪ್ರಶಸ್ತಿ ಲಭಿಸಿತು. ಕನ್ನಡಕ್ಕೆ ಈ ಗೌರವ ಸಂದದ್ದು ಅದೇ ಮೊದಲು. ಮುಸ್ಲಿಮ್ ಮಹಿಳೆಯರ ಅಡುಗೆಮನೆಯ ಬದುಕು ಕನ್ನಡದ ಮೂಲಕ ಜಗತ್ತಿಗೆ ತಲುಪಿತು.

ಅವರ 'ಎದೆಯ ಹಣತೆ' ಕಥೆಯ ಮೆಹರುನ್‌ಳನ್ನು ನೋಡಿ. ಓದು ಪೂರ್ಣವಾಗುವ ಮೊದಲೇ ಮದುವೆ. ಮಕ್ಕಳಾದ ಬಳಿಕ ಗಂಡನ ಮನಸ್ಸು ಬೇರೆ ಹೆಣ್ಣಿನ ಕಡೆಗೆ ವಾಲುತ್ತದೆ. ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಅವಳು ತವರಿಗೆ ಬರುತ್ತಾಳೆ. ತವರಿನವರು ಅವಳ ನೋವು ಕೇಳುವುದಿಲ್ಲ. ಮನೆತನದ ಮರ್ಯಾದೆಯ ಮಾತಾಡಿ, ಅಣ್ಣಂದಿರು ಅವಳನ್ನು ಮರಳಿ ಗಂಡನ ಮನೆಗೇ ಬಿಟ್ಟುಬರುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಆದರೆ ಈ ಕಥೆ ನಾದಿರಾಳ ಕಥೆಯಂತೆ ಮುಗಿಯುವುದಿಲ್ಲ. ಹಿರಿಯ ಮಗಳು ಸಲ್ಮಾ ಹಸುಳೆಯನ್ನು ಎತ್ತಿಕೊಂಡು ಓಡಿ ಬರುತ್ತಾಳೆ. ಒಬ್ಬನ ಪ್ರೀತಿ ಕಳಕೊಂಡ ಮಾತ್ರಕ್ಕೆ ಎಲ್ಲವೂ ಮುಗಿಯಿತೇ, ನಿನ್ನ ಮಕ್ಕಳಾದ ನಾವಿಲ್ಲವೇ ಎಂಬ ಅರ್ಥದಲ್ಲಿ ತಾಯಿಯನ್ನು ಅಂಗಲಾಚುತ್ತಾಳೆ. ತಾಯಿ ಸಾವಿನ ದಾರಿಯಿಂದ ಹಿಂದೆ ಸರಿಯುತ್ತಾಳೆ.

ತಂದೆ ಆಡದ ಮಾತನ್ನು, ಅಣ್ಣಂದಿರು ಆಡದ ಮಾತನ್ನು ಆ ಹುಡುಗಿ ಆಡಿದಳು. ಮರ್ಯಮರಿಗೆ ಕೇಳಿಸಿದ ಸಾಂತ್ವನದ ನೆರಳು ಇಲ್ಲಿ ಓರ್ವ ಮಗಳ ಮಾತಿನಲ್ಲಿದೆ. ಸಹೋದರಿಯರೇ, ಧೈರ್ಯ ಎಂಬುದು ಭಾಷಣದಿಂದ ಬರುವ ವಸ್ತುವಲ್ಲ. 'ನೀನು ಒಂಟಿಯಲ್ಲ' ಎಂದು ಹೇಳುವ ಇನ್ನೊಂದು ಜೀವದಿಂದ ಅದು ಬರುತ್ತದೆ. ಒಳ್ಳೆಯ ಪುಸ್ತಕವೂ ಅಂಥ ಒಂದು ಜೀವವೇ. ಈ ಸಭೆಯಲ್ಲಿ ಯಾರಿಗಾದರೂ ಬದುಕು ಸಾಕೆನಿಸಿದ್ದರೆ, ದಯವಿಟ್ಟು ಇಂದೇ ನಿಮ್ಮ ನಂಬಿಕೆಯ ಒಬ್ಬರಲ್ಲಿ ಬಾಯಿಬಿಟ್ಟು ಹೇಳಿ. ಹೇಳುವುದು ಅವಮಾನವಲ್ಲ. ಮರ್ಯಮ್ ಕೂಡ ಹೇಳಿದ್ದರು.

'ಸಬ್ರ್' ಎಂಬ ಪವಿತ್ರ ಪದದ ಕುರಿತೂ ಎರಡು ಮಾತು ಹೇಳಬೇಕು. ಮಗಳು ಗಂಡನ ಮನೆಯಿಂದ ಅಳುತ್ತಾ ಬಂದಾಗ ನಾವು ಅವಳ ಕೈಗೆ ಈ ಪದವನ್ನು ಕೊಟ್ಟು ಕಳುಹಿಸುತ್ತೇವೆ. ಏನನ್ನೂ ಕೇಳದೆ, ಏನನ್ನೂ ವಿಚಾರಿಸದೆ 'ಸಬ್ರ್ ಮಾಡು' ಎನ್ನುತ್ತೇವೆ. ಖೌಲಾ ಬಿಂತ್ ಸಅ್‌ಲಬಾ(ರ) ಹಾಗೆ ಮಾಡಿದರೇ? ಪತಿ ಕೋಪದಲ್ಲಿ ಆಕೆಯನ್ನು ತಾಯಿಯ ಬೆನ್ನಿಗೆ ಹೋಲಿಸಿ ಸಂಬಂಧ ಕಡಿದಾಗ, ಆಕೆ ಮನೆಯ ಮೂಲೆಯಲ್ಲಿ ಕುಳಿತು ಅಳಲಿಲ್ಲ. ನೇರವಾಗಿ ಪ್ರವಾದಿ(ಸ)ರ ಬಳಿಗೆ ಹೋಗಿ ವಾದಿಸಿದರು, ಅಲ್ಲಾಹನಲ್ಲಿ ದೂರಿಕೊಂಡರು. ಅಲ್ಲಾಹನು ಆ ಮಾತನ್ನು ಆಲಿಸಿದ್ದಾನೆಂದು ಸಾರುತ್ತಲೇ ಕುರ್‌ಆನ್‌ನ 58ನೇ ಅಧ್ಯಾಯ ಆರಂಭವಾಗುತ್ತದೆ. 'ವಾದಿಸಿದವಳು' ಎಂಬುದೇ ಆ ಅಧ್ಯಾಯದ ಹೆಸರಿನ ಅರ್ಥ. ಆ ಅನಾಚಾರಕ್ಕೆ ಕಡಿವಾಣವೂ ಬಿತ್ತು. ಹಾಗಿದ್ದರೆ ಸಬ್ರ್ ಎಂದರೆ ಅನ್ಯಾಯವನ್ನು ನುಂಗುವುದಲ್ಲ. ಸತ್ಯದ ಮೇಲೆ ಅಲುಗದೆ ನಿಲ್ಲುವುದು. ಅಲ್ಲಾಹನು ಆಲಿಸಿದ ದೂರನ್ನು ಆಲಿಸಲು ನಮ್ಮ ಜಮಾಅತ್ ಸಮಿತಿಗಳಿಗೆ ಸಮಯವಿಲ್ಲವೆಂದರೆ ಏನರ್ಥ?

ಕೊನೆಯದಾಗಿ ಇನ್ನೂ ಬರೆಯದೆ ಉಳಿದಿರುವ ಒಂದು ಕಥೆಯ ಬಗ್ಗೆ. 2022ರ ಫೆಬ್ರವರಿ 5ರಂದು ಕರ್ನಾಟಕ ಸರಕಾರ ಹೊರಡಿಸಿದ ಸಮವಸ್ತ್ರದ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ನಿಮಗೆ ನೆನಪಿರಬಹುದು. ಕಾಲೇಜಿನ ಗೇಟಿನಲ್ಲಿ ತಡೆಯಲ್ಪಟ್ಟ ಹುಡುಗಿಯರ ಬಗ್ಗೆ ಮಂತ್ರಿಗಳು ಮಾತಾಡಿದರು, ವಕೀಲರು ಮಾತಾಡಿದರು, ನಮ್ಮ ನಾಯಕರು ಮಾತಾಡಿದರು, ಟಿ.ವಿ. ಚಾನೆಲ್‌ಗಳಂತೂ ಹಗಲಿರುಳು ಮಾತಾಡಿದವು. ಆ ಹುಡುಗಿಯರು ತಮ್ಮ ಬಗ್ಗೆ ತಾವೇ ಬರೆದದ್ದು ಎಷ್ಟು? ಪರೀಕ್ಷೆಯ ದಿನ ಬೆಳಿಗ್ಗೆ ಮನೆಯಲ್ಲಿ ಏನು ನಡೆಯಿತು, ತಂದೆ ಏನೆಂದರು, ತಾಯಿ ಏಕೆ ಮೌನವಾಗಿದ್ದರು, ಪಕ್ಕದ ಬೆಂಚಿನ ಹಿಂದೂ ಗೆಳತಿ ಮರುದಿನ ಫೋನ್ ಮಾಡಿದಳೇ? ಇವು ಯಾವ ತೀರ್ಪಿನಲ್ಲೂ ಇಲ್ಲ. ಇವನ್ನು ಬರೆಯಬಲ್ಲವರು ನೀವು ಮಾತ್ರ. ನಿಮ್ಮ ಕಥೆಯನ್ನು ನೀವು ಬರೆಯದಿದ್ದರೆ ಇತರರು ಬರೆಯುತ್ತಾರೆ, ತಮಗೆ ಬೇಕಾದ ಹಾಗೆ ಬರೆಯುತ್ತಾರೆ.

ಆದ್ದರಿಂದ ಹೆತ್ತವರಲ್ಲಿ ಕೆಲವು ವಿನಂತಿಗಳಿವೆ. ಮದುವೆಯ ಚಿನ್ನದ ಲೆಕ್ಕ ಹಾಕುವಾಗ ಮಗಳ ಹೆಸರಿನಲ್ಲಿ ಒಂದು ಪುಸ್ತಕದ ಕಪಾಟಿನ ಲೆಕ್ಕವನ್ನೂ ಹಾಕಿ. ಅವಳು ಏನು ಓದುತ್ತಾಳೆಂದು ವಿಚಾರಿಸಿ. ಗೂಢಚಾರರಂತೆ ಅಲ್ಲ, ಜೊತೆಗೆ ಓದುವವರಂತೆ. ಪದವಿ ಮುಗಿಯುವ ತನಕ ಮದುವೆಯ ಮಾತು ತಡೆಹಿಡಿಯಿರಿ. ಮದುವೆಯಾದ ಮಗಳು ತವರಿನ ಬಾಗಿಲು ತಟ್ಟಿದರೆ ಮೊದಲು ಒಂದು ಲೋಟ ನೀರು ಕೊಡಿ, ಕುಳ್ಳಿರಿಸಿ ಪೂರ್ತಿ ಕೇಳಿ. ನೆರೆಯವರು ಏನೆನ್ನುತ್ತಾರೆ ಎಂಬ ಚಿಂತೆ ಆಮೇಲೆ ಇರಲಿ. ಜಮಾಅತ್‌ನ ಹಿರಿಯರಲ್ಲಿ ಎರಡು ವಿನಂತಿಗಳು: ಮದ್ರಸಾದ ಒಂದು ಕೋಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ವಾಚನಾಲಯ ತೆರೆಯಿರಿ, ಕುಟುಂಬದ ವ್ಯಾಜ್ಯಗಳನ್ನು ತೀರ್ಮಾನಿಸುವಾಗ ಮಹಿಳೆಯ ಮಾತನ್ನು ಅವಳ ಬಾಯಿಂದಲೇ ಕೇಳುವ ಕ್ರಮ ತನ್ನಿ.

ವಿದ್ಯಾರ್ಥಿನಿಯರಲ್ಲಿ ಒಂದೇ ವಿನಂತಿ. ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ಅದರಲ್ಲಿ ಕನ್ನಡದಲ್ಲಿ, ಉರ್ದುವಿನಲ್ಲಿ, ಬ್ಯಾರಿಯಲ್ಲಿ, ನಿಮಗೆ ಒಗ್ಗಿದ ಭಾಷೆಯಲ್ಲಿ ದಿನಕ್ಕೆ ನಾಲ್ಕು ಸಾಲು ಬರೆಯಿರಿ. ಮರವನ್ನು ಅಲುಗಾಡಿಸಲು ಮರ್ಯಮರ ಕೈಗೇ ಹೇಳಲಾಗಿತ್ತು. ಹಣ್ಣು ಕೊಡುವವನು ಅಲ್ಲಾಹನು. ಅಲುಗಾಡಿಸುವ ಕೈ ನಮ್ಮದಾಗಿರಬೇಕು.

ನಮ್ಮ ಹೆಣ್ಣುಮಕ್ಕಳ ಮಾತನ್ನು ಕೇಳುವ ಕಿವಿಯನ್ನೂ, ಅವರ ಹಕ್ಕನ್ನು ಅವರಿಗೆ ಕೊಡುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.